ಹೆಲ್ತ್ ಡೇಟಾ ಕೆಲಸದಲ್ಲಿ ಬಹಳ ವರ್ಷ ನಿಲ್ಲಬೇಕೆಂದರೆ

ಹುಬ್ಬಳ್ಳಿ, ವಿಜಯಪುರ ಕಡೆಯಿಂದ ಪುಣೆಗೆ ಬಂದು ಡಿಜಿಟಲ್ ಹೆಲ್ತ್ ಕಂಪನಿ ಸೇರುವ ಹುಡುಗ-ಹುಡುಗಿಯರು ನನ್ನನ್ನು ಮೊದಲು ಕೇಳುವುದು, ಯಾವ ಮಾಡೆಲ್ (ಡೇಟಾ ನೋಡಿ ಯಾರಿಗೆ ರೋಗ ಇರಬಹುದು ಅಂತ ಊಹಿಸುವ ಕಂಪ್ಯೂಟರ್ ಲೆಕ್ಕಾಚಾರ) ಕಲಿಯಲಿ ಅಂತ. ಮಾಡೆಲ್ ಕೆಲಸ ಮಾಡುತ್ತಲೇ ಕಲಿತರಾಯಿತು. ಇಲ್ಲಿ ವರ್ಷಗಟ್ಟಲೆ ನಿಲ್ಲಬೇಕು ಅಂದರೆ, ಸ್ಕ್ರೀನ್ ಮೇಲಿರುವ ಅಂಕಿ ಎಲ್ಲಿ ಹುಟ್ಟಿತು, ಯಾರ ಕೈಯಿಂದ ಬಂತು ಅನ್ನುವುದು ಗೊತ್ತಿರಬೇಕು.

ಮೊದಲ ತಿಂಗಳೇ ಮ್ಯಾನೇಜರನ್ನು ಕೇಳಿ, ಒಂದು ಬೆಳಿಗ್ಗೆ ರಕ್ತ ತೆಗೆಯುವ ಸೆಂಟರಿನಲ್ಲಿ ಕೂತು ಬನ್ನಿ. ನಾನು ಕೂತಿದ್ದು ಪುಣೆಯ ಕೋಥ್ರೂಡಿನಲ್ಲಿ. ಏಳಕ್ಕೇ ಸಾಲು. ‘ಉಪಾಶಿ ಆಹಾತ್ ನಾ?’ (ಖಾಲಿ ಹೊಟ್ಟೆಯಲ್ಲಿದ್ದೀರಾ?) ಅಂತ ಟೆಕ್ನಿಷಿಯನ್ ಮರಾಠಿಯಲ್ಲಿ ಕೇಳುತ್ತಾಳೆ, ಅಜ್ಜ ‘ಹೋ’ (ಹೌದು) ಅನ್ನುತ್ತಾರೆ. ಮನೆಯಿಂದ ಹೊರಡುವಾಗ ಕುಡಿದ ಅರ್ಧ ಕಪ್ ಸಕ್ಕರೆ ಚಹಾ ಅವರ ಲೆಕ್ಕಕ್ಕಿಲ್ಲ. ನಿಮ್ಮ ಟೇಬಲ್ಲಿನಲ್ಲಿ ಅದು ‘ಫಾಸ್ಟಿಂಗ್’ ಅಂತಲೇ ಬೀಳುತ್ತದೆ. ಆದರೆ ಸಕ್ಕರೆ ಅಂಶ 126 (ಮಿ.ಗ್ರಾಂ/ಡೆಸಿಲೀಟರ್) ಅನ್ನುವ ಮಧುಮೇಹದ ಗಡಿ ಇರುವುದು ಕನಿಷ್ಠ ಎಂಟು ಗಂಟೆ ನೀರು ಬಿಟ್ಟು ಏನೂ ತಿನ್ನದೆ, ಕುಡಿಯದೆ ಕೊಟ್ಟ ರಕ್ತಕ್ಕೆ. ಆ ಒಂದು ಕಾಲಂ ಮೇಲೇ ಭಾರ ಹಾಕಬೇಡಿ. ಎರಡು-ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ಎಚ್‌ಬಿಎ1ಸಿ ರಕ್ತಪರೀಕ್ಷೆ ಇದ್ದರೆ ಜೊತೆಗಿಟ್ಟು ನೋಡಿ.

ಹುಟ್ಟಿದ ದಿನಾಂಕದಲ್ಲಿ ಜೂನ್ 1 ಗುಡ್ಡೆ ಬಿದ್ದಿದ್ದರೆ ಸಾಫ್ಟ್‌ವೇರ್ ದೋಷ ಅಂತ ಅಳಿಸಲು ಹೋಗಬೇಡಿ. ಶಾಲೆಗೆ ಸೇರಿಸುವಾಗ ಮಾಸ್ತರರು ಬರೆದುಕೊಂಡ ತಾರೀಖು ಅದು. ನಮ್ಮ ಊರಿನವರಿಗೆ ಹೇಳಬೇಕಿಲ್ಲ, ನಿಮ್ಮ ಟೀಮಿಗೆ ನೀವು ಹೇಳಬೇಕು. ಅಂಥವರ ವಯಸ್ಸು ಒಂದೆರಡು ವರ್ಷ ಆಚೀಚೆ ಇರಬಹುದು ಅಂದುಕೊಂಡೇ ಮುಂದುವರಿಯಿರಿ.

ಮಾಡೆಲ್ಲಿಗೆ ಕಲಿಸುವ ಡೇಟಾ, ಅದನ್ನು ಪರೀಕ್ಷಿಸುವ ಡೇಟಾ ಅಂತ ಟ್ರೇನ್-ಟೆಸ್ಟ್ ಭಾಗ ಮಾಡುವುದು ಪೇಷಂಟ್ ಪ್ರಕಾರ, ಟೇಬಲ್ಲಿನ ಸಾಲಿನ ಪ್ರಕಾರ ಅಲ್ಲ; ಒಬ್ಬರದೇ ಸಾಲುಗಳು ಎರಡೂ ಕಡೆ ಬೀಳಬಾರದು. ಮಧುಮೇಹ ಪತ್ತೆ ಮಾಡುವ ಮಾಡೆಲ್ಲಿಗೆ ಮೆಟ್‌ಫಾರ್ಮಿನ್ (ಮಧುಮೇಹದ ಮಾತ್ರೆ) ಕಾಲಂ ಕೊಡಬೇಡಿ. ಡಾಕ್ಟರು ಆಗಲೇ ಹೇಳಿದ್ದನ್ನು ಅದು ತಿರುಗಿ ಹೇಳುತ್ತದೆ ಅಷ್ಟೆ. ಹೆಸರು, ಫೋನ್ ನಂಬರ್ ತೆಗೆದರೆ ಗುಟ್ಟು ಉಳಿಯಿತು ಅಂತಲೂ ಅಲ್ಲ. ಪಿನ್‌ಕೋಡ್, ಹುಟ್ಟಿದ ದಿನ, ಲಿಂಗ ಮೂರೂ ಸೇರಿದರೆ ಎಷ್ಟೋ ಸಲ ಮನುಷ್ಯ ಸಿಕ್ಕಿಬಿಡುತ್ತಾನೆ.

ಮೀಟಿಂಗಿನಲ್ಲಿ ‘ಶೇ. 90 ನಿಖರ’ ಅಂತ ಯಾರಾದರೂ ಅಂದರೆ ಬೋರ್ಡಿನ ಮೇಲೆ ಲೆಕ್ಕ ಬರೆಯಿರಿ. ಸಾವಿರ ಜನರಲ್ಲಿ 10 ಮಂದಿಗೆ ರೋಗ ಇದೆ ಅನ್ನೋಣ. ಮಾಡೆಲ್ 9 ಮಂದಿಯನ್ನು ಹಿಡಿಯುತ್ತದೆ, ಉಳಿದ 990ರಲ್ಲಿ 99 ಆರೋಗ್ಯವಂತರನ್ನೂ ಹಿಡಿಯುತ್ತದೆ. ಅಂದರೆ ಮಾಡೆಲ್ ಹಿಡಿದ 108 ಜನರಿಗೆ ನರ್ಸ್ ಫೋನ್ ಮಾಡಿದರೆ ನಿಜವಾದ ರೋಗಿಗಳು 9 ಮಂದಿ ಸಿಗುತ್ತಾರೆ. ಈ ಲೆಕ್ಕ ಮಾರ್ಕೆಟಿಂಗ್‌ನವರಿಗೆ ಹಿಡಿಸಲಿಕ್ಕಿಲ್ಲ. ಆದರೂ ಬರೆಯಿರಿ.

ಪುಣೆಯ ಐಟಿ ಕಂಪನಿಗಳ ಪ್ರದೇಶ ಹಿಂಜವಡಿಯಿಂದ ಹೆಚ್ಚು ಸಂಬಳದ ಆಫರ್ ಬರುತ್ತಲೇ ಇರುತ್ತವೆ, ಮನೆಯ ಅಗತ್ಯ ನೋಡಿ ತೀರ್ಮಾನಿಸಿ. ಆದರೆ ನಿಮ್ಮ ಮಾಡೆಲ್ ಗುರುತಿಸಿದವರಿಗೆ ನಿಜಕ್ಕೂ ಕಾಯಿಲೆ ಬಂತೋ ಇಲ್ಲವೋ ತಿಳಿಯಲು ಎರಡು-ಮೂರು ವರ್ಷ ಬೇಕು. ಅಲ್ಲಿಯವರೆಗೆ ಯಾವ ಲ್ಯಾಬ್ ಯಾವಾಗ ಮಷಿನ್ ಬದಲಿಸಿತು, ಯಾವ ಕಾಲಮ್ಮಿನ ಅರ್ಥ ಯಾವಾಗ ಬದಲಾಯಿತು ಅನ್ನುವುದನ್ನು ತಾರೀಖು ಹಾಕಿ, ಎಲ್ಲರೂ ಓದುವ ಕಡೆ ಬರೆದಿಡಿ. ಪ್ರತಿ ಶುಕ್ರವಾರ ಫೋನ್ ಮಾಡುವ ನರ್ಸಮ್ಮನ ಪಕ್ಕ ಕೂತು, ಪಟ್ಟಿಯಲ್ಲಿ ಯಾರನ್ನು ಬಿಟ್ಟಿರಿ, ಯಾಕೆ ಅಂತ ಕೇಳಿ.