ತೇಗದ ಎಲೆ ತುಕ್ಕು: ಹರ್ಬೇರಿಯಂಗೆ (ಒಣಗಿಸಿದ ಗಿಡಗಳ ಸಂಗ್ರಹಾಲಯಕ್ಕೆ) ಮಾದರಿ ತಯಾರಿ

ಮಣಿಪಾಲ, ಕಾರ್ಕಳದ ಕಡೆ ಮಳೆ ನಿಂತ ಮೇಲೆ ತೇಗದ ಎಲೆಯ ಅಡಿಭಾಗ ನೋಡಿ. ಬೆರಳಿಗೆ ಕಿತ್ತಳೆ-ಹಳದಿ ಪುಡಿ ಅಂಟಿದರೆ ಅದು ಒಲಿವಿಯಾ ಎಂಬ ತುಕ್ಕು ಶಿಲೀಂಧ್ರ ಇರಬಹುದು. ಇಬ್ಬನಿ ಆರಿದ ಮೇಲೆ ಐದಾರು ಎಲೆ ಕೀಳಿ, ಪುಡಿಯಿರುವ ಭಾಗವನ್ನು ಅಂಗೈಯಗಲ ಕತ್ತರಿಸಿ ಪೇಪರಿನ ನಡುವೆ ಒತ್ತಿಡಿ. ಕರಾವಳಿಯ ತೇವಕ್ಕೆ ಮೊದಲ ಮೂರು ದಿನ ದಿನಕ್ಕೆರಡು ಸಲ ಪೇಪರ್ ಬದಲಿಸಲೇಬೇಕು. ಇಲ್ಲದಿದ್ದರೆ ಬೂಷ್ಟು ಹಿಡಿದು ಬೀಜಾಣುಗಳೇ (ಆ ಕಿತ್ತಳೆ-ಹಳದಿ ಪುಡಿ) ಮುಚ್ಚಿಹೋಗುತ್ತವೆ. ಬಗ್ಗಿಸಿದರೆ ಚಟ್ಟನೆ ಮುರಿಯುವಷ್ಟು ಒಣಗಲಿ.

ಚೀಟಿಯಲ್ಲಿ ಪೆನ್ಸಿಲಿನಿಂದ ಊರು, ಜಿಪಿಎಸ್, ದಿನಾಂಕ, ಸಂಗ್ರಹಿಸಿದವರ ಹೆಸರು, ಮಾದರಿಯ ಸಂಖ್ಯೆ ಬರೆಯಿರಿ. ಎಲ್ಲಕ್ಕಿಂತ ಮುಖ್ಯ ಗಿಡದ ಹೆಸರು: ಟೆಕ್ಟೋನಾ ಗ್ರಾಂಡಿಸ್ (ತೇಗದ ವೈಜ್ಞಾನಿಕ ಹೆಸರು). ತುಕ್ಕುಗಳನ್ನು ಗುರುತಿಸುವ ಮೊದಲ ಹೆಜ್ಜೆಯೇ ಅವು ಬೆಳೆದ ಗಿಡ. ಅದಿಲ್ಲದ ದಾಖಲೆ ಹೆಚ್ಚು ಉಪಯೋಗಕ್ಕೆ ಬಾರದು.

ಹುಳ ಸಾಯಲು, ಗಾಳಿಯಾಡದ ಕವರಿನಲ್ಲಿ −20 ಡಿಗ್ರಿಯಲ್ಲಿ ಒಂದು ವಾರ ಇಡಿ. ಹೊರತೆಗೆದ ಕೂಡಲೇ ಕವರ್ ಬಿಚ್ಚಬೇಡಿ, ತಣ್ಣನೆಯ ಎಲೆಯ ಮೇಲೆ ನೀರು ಕೂರುತ್ತದೆ.