ಇಂಗ್ಲಿಷ್ ಪುಸ್ತಕವನ್ನು ಮೊದಲು ಕನ್ನಡದಲ್ಲಿ ಬರೆದೆ

ಎರಡು ಭಾಷೆಗಳಲ್ಲಿ ಬರೆದ ಮುಂಬೈ ಕವಿಗಳ ಬಗ್ಗೆ ನನ್ನ ಇಂಗ್ಲಿಷ್ ಪುಸ್ತಕ ಕೊನೆಗೂ ಹೊರಬಂದಿದೆ. ಹೊರದೇಶದ ಪ್ರಕಾಶಕರು. ಇಬ್ಬರು ತಜ್ಞರು ಓದಿ ಒಪ್ಪಿದ ಮೇಲೆ ಅಚ್ಚಾದದ್ದು. ಅಚ್ಚಿಗೆಂದು ನನ್ನ ಪರ್ಸಿನಿಂದ ಒಂದು ರೂಪಾಯಿಯೂ ಹೋಗಿಲ್ಲ. ಇದರ ಪ್ರತಿ ಅಧ್ಯಾಯವನ್ನೂ ನಾನು ಮೊದಲು ಕನ್ನಡದಲ್ಲಿ ಬರೆದೆ. "ಯಾಕೆ ಮೇಡಂ, ಸುಮ್ನೆ ಎರಡೆರಡು ಕೆಲಸ?" ಎಂದು ಸ್ಟಾಫ್ ರೂಮಿನಲ್ಲಿ ನಕ್ಕವರೇ ಈಗ "ಹೇಗೆ ಮಾಡಿದಿರಿ?" ಅಂತ ಕೇಳುತ್ತಿದ್ದಾರೆ. ಎಲ್ಲರಿಗೂ ಒಬ್ಬೊಬ್ಬರಾಗಿ ಹೇಳುವಷ್ಟು ಪುರುಸೊತ್ತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಇಂಗ್ಲಿಷ್ ಪಾಠ ಮಾಡಿ ಕನ್ನಡದಲ್ಲಿ ಬರೆಯುವುದು ನಮ್ಮಲ್ಲಿ ಹೊಸದಲ್ಲ. ಬಿ.ಎಂ.ಶ್ರೀ., ಗೋಕಾಕ, ಅಡಿಗ, ಅನಂತಮೂರ್ತಿ, ಔರಂಗಾಬಾದಿನಲ್ಲಿದ್ದ ವಿಮರ್ಶಕ ಜಿ.ಎಸ್. ಆಮೂರ, ಸಾಲೇ ಇದೆ. ಅವರ ಮಾತು ಬಿಡಿ, ಅವರೆಲ್ಲ ಆನೆಗಳು. ನಾನೂ ಇಂಗ್ಲಿಷ್ ಪಾಠ ಮಾಡುವವಳೇ, ಆದರೆ ನನ್ನದು ಉಲ್ಟಾ ಕೇಸು. ನನಗೆ ಬೇಕಿದ್ದದ್ದು ಇಂಗ್ಲಿಷ್ ಪುಸ್ತಕ. ಅದು ಬರಲೊಲ್ಲದು.

ಆರೇಳು ವರ್ಷ ಸೆಮಿನಾರುಗಳಿಗೆ ಓಡಾಡಿದೆ. ನೋಂದಣಿಗೆ ಎರಡು, ಮೂರು ಸಾವಿರ, ರೈಲು, ಲಾಡ್ಜು, ಕೊನೆಗೊಂದು ಬಟ್ಟೆ ಚೀಲ ಮತ್ತು ಪ್ರಮಾಣಪತ್ರ. ಹತ್ತು ನಿಮಿಷ ಓದಲು ಕೊಡುತ್ತಾರೆ. ಏಳನೇ ನಿಮಿಷಕ್ಕೆ ಚೀಟಿ ಬರುತ್ತದೆ. ಒಂದು ಕಡೆ ಸಂಪುಟಕ್ಕೆಂದು ಮೂರು ಸಾವಿರದಷ್ಟು ವಸೂಲು ಮಾಡಿ, ನನ್ನ ಲೇಖನದ ಅಡಿಟಿಪ್ಪಣಿಗಳನ್ನೆಲ್ಲ ಕಿತ್ತುಹಾಕಿ ಅಚ್ಚು ಮಾಡಿದರು. ಕೇಳಿದರೆ "ಜಾಗ ಇರಲಿಲ್ಲ ಮೇಡಂ". ಒಟ್ಟು ಅರವತ್ತು, ಎಪ್ಪತ್ತು ಸಾವಿರ ಹೀಗೆ ಹೋಗಿರಬೇಕು. ಕೈಯಲ್ಲಿ ಉಳಿದದ್ದು ಒಂದಕ್ಕೊಂದು ಸೇರದ ಹತ್ತು ಹನ್ನೆರಡು ಪ್ರಬಂಧ. ಎಲ್ಲದರಲ್ಲೂ ಮೊದಲ ಮೂರು ಪುಟ ಯಾರೋ ಫ್ರೆಂಚ್ ಚಿಂತಕರದ್ದು. ನಾಲ್ಕನೇ ಪುಟದಿಂದ ನನ್ನದು ಶುರುವಾಗುವಷ್ಟರಲ್ಲಿ ಪದಮಿತಿ ಮುಗಿಯುತ್ತಿತ್ತು.

ಈಗಿನ ಕ್ರಮ ಇದು. ಕ್ರಾಫರ್ಡ್ ಮಾರ್ಕೆಟ್ ಹತ್ತಿರದ ಅಬ್ದುಲ್ ರೆಹಮಾನ್ ಸ್ಟ್ರೀಟಿನಲ್ಲಿ ದಪ್ಪ ಕಾಗದ ತಂದು ಪೋಸ್ಟ್‌ಕಾರ್ಡ್ ಅಳತೆಗೆ ಕತ್ತರಿಸಿಕೊಳ್ಳುತ್ತೇನೆ. ಕಟಿಂಗ್ ಸೇರಿ ಐನೂರು ರೂಪಾಯಿಗೆ ಒಂದು ವರ್ಷಕ್ಕೆ ಸಾಕು. ಎಂ.ಎ. ಕ್ಲಾಸಿಗೆ ಅವತ್ತಿನ ಪದ್ಯದ ಮೇಲೆ ಏಳೆಂಟು ಕಾರ್ಡು. ಮುಂದಿನ ಬದಿಯಲ್ಲಿ ನಾನು ಹೇಳಬೇಕಾದ್ದು, ಹಿಂದಿನ ಬದಿ ಖಾಲಿ. ಪಾಠ ಮಾಡುವಾಗ ಯಾರಾದರೂ ಏನಾದರೂ ಕೇಳಿದರೆ ಅಲ್ಲೇ ಹಿಂಬದಿಗೆ ಗೀಚಿಕೊಳ್ಳುತ್ತೇನೆ. ಅದೇ ದಿನ ಸಂಜೆ, ಡೊಂಬಿವಲಿ ಲೋಕಲ್‌ನಲ್ಲಿ ಸೀಟು ಸಿಕ್ಕರೆ ಅಲ್ಲೇ, ಇಲ್ಲದಿದ್ದರೆ ಊಟ ಆದಮೇಲೆ, ಹಿಂಬದಿಯ ಪ್ರಶ್ನೆಗಳಿಗೆ ಮಾತ್ರ ಕನ್ನಡದಲ್ಲಿ ಉತ್ತರ ಬರೆಯುತ್ತೇನೆ. ಆಗ ಯಾವ ಪುಸ್ತಕವನ್ನೂ ತೆಗೆಯುವಂತಿಲ್ಲ. ಎರಡು ಪುಟ ಆದರೆ ಜಾಸ್ತಿ. ಸೆಮಿಸ್ಟರ್ ಮುಗಿಯುವಾಗ ನಲವತ್ತು, ಐವತ್ತು ಪುಟ ಆಗಿರುತ್ತದೆ. ಅದನ್ನು ಮೂರು ವಾರ ಮುಟ್ಟದೆ ಬಿಟ್ಟು, ಆಮೇಲೆ ಇಂಗ್ಲಿಷ್ ಬರೆಯುತ್ತೇನೆ.

ಬರೆಯುತ್ತೇನೆ ಅಂದೆ, ಅನುವಾದಿಸುತ್ತೇನೆ ಅನ್ನಲಿಲ್ಲ. ಮೊದಲ ಅಧ್ಯಾಯವನ್ನು ಕನ್ನಡದ ಕರಡು ಪಕ್ಕದಲ್ಲಿಟ್ಟುಕೊಂಡು ಸಾಲಿಗೆ ಸಾಲು ಇಂಗ್ಲಿಷ್ ಮಾಡಿ ಒಂದು ಪತ್ರಿಕೆಗೆ ಕಳಿಸಿದ್ದೆ. ಎರಡೇ ತಿಂಗಳಲ್ಲಿ ವಾಪಸ್. ವಾಕ್ಯಗಳೆಲ್ಲ ಕಾಲು ಎಳೆಯುತ್ತಿದ್ದವು. ಈಗ ಕರಡನ್ನು ಒಂದು ಸಲ ಓದಿ, ಮುಚ್ಚಿಟ್ಟು, ನೆನಪಿನಿಂದ ಬರೆಯುತ್ತೇನೆ. ನೆನಪಿಗೆ ಬಾರದ್ದನ್ನು ಪುಸ್ತಕಕ್ಕೆ ಸೇರಿಸುವುದಿಲ್ಲ. ಆ ನಲವತ್ತು ಪುಟದಲ್ಲಿ ಯಾವುದನ್ನು ಮೊದಲು ಎತ್ತಿಕೊಳ್ಳುವುದು ಅನ್ನುವುದಕ್ಕೆ ನನ್ನದೇ ಒಂದು ಲೆಕ್ಕವಿದೆ. ಅದನ್ನು ಮಾತ್ರ ಇಲ್ಲಿ ಹೇಳುವುದಿಲ್ಲ.

ಇದರಿಂದ ಏನು ಸಿಕ್ಕಿತು ಅನ್ನುವುದಕ್ಕೆ ಮರಾಠಿ, ಇಂಗ್ಲಿಷ್ ಎರಡರಲ್ಲೂ ಬರೆದ ಕವಿ ಅರುಣ್ ಕೊಲಟ್ಕರ್ ಅವರ ಅಧ್ಯಾಯವೊಂದೇ ಸಾಕು. ಅವರ ಇಂಗ್ಲಿಷ್ ಕವನ ಸಂಕಲನ 'ಜೆಜುರಿ' 1976ರಲ್ಲಿ ಬಂತು, ಮರುವರ್ಷ ಕಾಮನ್‌ವೆಲ್ತ್ ಕಾವ್ಯ ಬಹುಮಾನ. ಇಂಗ್ಲಿಷಿನಲ್ಲಿ ಬರೆದವರು ಅದನ್ನು ಹೆಚ್ಚಾಗಿ ಒಂದೇ ದಾರಿಯಲ್ಲಿ ಓದಿದ್ದಾರೆ. ನಂಬಿಕೆಯಿಲ್ಲದ ಪಟ್ಟಣದ ಮನುಷ್ಯ ದೇವರ ಊರಿಗೆ ಬಸ್ಸಿನಲ್ಲಿ ಹೋಗಿ, ಕಲ್ಲು ನೋಡಿ, ಅನುಮಾನ ಇಟ್ಟುಕೊಂಡೇ ರೈಲ್ವೆ ಸ್ಟೇಷನ್ನಿಗೆ ಬರುತ್ತಾನೆ. ನಾನೂ ಇಂಗ್ಲಿಷಿನಲ್ಲಿ ಶುರು ಮಾಡಿದಾಗಲೆಲ್ಲ ಅದೇ ದಾರಿ ಹಿಡಿಯುತ್ತಿದ್ದೆ. ಕನ್ನಡದಲ್ಲಿ ಬರೆದಾಗ ಎರಡನೇ ಪುಟಕ್ಕೇ ದೇವರಗುಡ್ಡ ಬಂತು.

ನಮ್ಮದು ರಾಣೆಬೆನ್ನೂರು ಕಡೆ. ದೇವರಗುಡ್ಡದ ಮಾಲತೇಶ ಮನೆದೇವರು. ಮಹಾರಾಷ್ಟ್ರದ ಜೆಜುರಿಯ ಖಂಡೋಬ ದೇವರು ಬೇರೆ ಅಲ್ಲ, ನಮ್ಮ ಮೈಲಾರಲಿಂಗನೇ ಅಂತ ಅಜ್ಜಿಯ ಕಾಲದಿಂದ ಗೊತ್ತು. ದೇವರಿಗೆ ಬಿಟ್ಟವನು ಅಲ್ಲಿ ವಾಘ್ಯಾ, ಇಲ್ಲಿ ಗೊರವಯ್ಯ. ಅಲ್ಲೂ ಅರಿಶಿನದ ಭಂಡಾರ, ಇಲ್ಲೂ ಭಂಡಾರ. ಕರಿ ಕಂಬಳಿ ಹೊದ್ದ ಗೊರವರು ದೋಣಿ ಅನ್ನುವ ಪಾತ್ರೆಯ ಮುಂದೆ ನಾಯಿಯ ಹಾಗೆ ಬೊಗಳುತ್ತಾ, ಅದಕ್ಕೆ ಸುರಿದ ಹಾಲು ಬಾಳೆಹಣ್ಣಿಗೆ ನೇರ ಬಾಯಿ ಹಾಕುವುದನ್ನು ಚಿಕ್ಕವಳಿದ್ದಾಗ ನೋಡಿದ್ದೇನೆ. ಒಬ್ಬರನ್ನೊಬ್ಬರು ತಳ್ಳುತ್ತಾರೆ, ಗುರ್ ಅನ್ನುತ್ತಾರೆ, ಸುತ್ತ ನಿಂತವರು ನಗುತ್ತಾರೆ. ನಕ್ಕವರೇ ಆಮೇಲೆ ಅವರ ಕಾಲಿಗೆ ಬೀಳುತ್ತಾರೆ. ನಗುವುದಕ್ಕೂ ಕೈಮುಗಿಯುವುದಕ್ಕೂ ಅಲ್ಲಿ ಜಗಳವೇ ಇಲ್ಲ.

ಕರಡಿನಲ್ಲಿ ಇಷ್ಟು ಬರೆದಮೇಲೆ 'ಜೆಜುರಿ'ಯ ತಮಾಷೆ ನನಗೆ ಬೇರೆಯಾಗಿಯೇ ಕಂಡಿತು. ಆ ಸಂಕಲನದಲ್ಲಿ ವಾಘ್ಯಾನಿಗೊಂದು, ದೇವರಿಗೆ ಬಿಟ್ಟ ಹೆಣ್ಣು ಮುರಳಿಗೊಂದು ಹಾಡಿವೆ. ಪಟ್ಟಣದ ಮನುಷ್ಯ ಅಲ್ಲಿ ಪಕ್ಕಕ್ಕೆ ಸರಿಯುತ್ತಾನೆ, ದೇವರ ಆಳುಗಳೇ ಮಾತಾಡುತ್ತಾರೆ. ಕೊಲಟ್ಕರ್ ತುಕಾರಾಮರನ್ನು ಇಂಗ್ಲಿಷಿಗೆ ತಂದವರು. ವಿಠೋಬನ ಜೊತೆ ತುಕಾರಾಮರು ಆಡುವ ಜಗಳ ಅವರಿಗೆ ಗೊತ್ತಿಲ್ಲದ್ದೇನಲ್ಲ. ಹಾಗಿದ್ದ ಮೇಲೆ ಗೇಲಿಯನ್ನೆಲ್ಲ ನಾಸ್ತಿಕತೆಯ ಖಾತೆಗೆ ಹಾಕುವುದು ಯಾಕೆ? ಜರ್ಮನಿಯ ವಿದ್ವಾಂಸ ಸೊಂಥೈಮರ್ ಖಂಡೋಬ, ಮೈಲಾರ, ತೆಲುಗಿನ ಮಲ್ಲಣ್ಣರನ್ನು ಒಟ್ಟಿಗಿಟ್ಟು ಎಷ್ಟೋ ಬರೆದಿದ್ದಾರೆ. ಇಂಗ್ಲಿಷ್ ಇಲಾಖೆಯವರು ಆ ಕಪಾಟಿನ ಕಡೆ ಹೋಗುವುದೇ ಕಡಿಮೆ. ನಾನು ಹೋದದ್ದು ಕನ್ನಡದ ಕರಡಿನ ದೆಸೆಯಿಂದ.

ನಮ್ಮ ಬಿಲ್ಡಿಂಗಿನಲ್ಲಿ ಉಡುಪಿ ಕಡೆಯ ಮಾಮ ಒಬ್ಬರಿದ್ದಾರೆ, ಬ್ಯಾಂಕಿನಿಂದ ರಿಟೈರ್ ಆದವರು. ಕರಡುಗಳನ್ನೆಲ್ಲ ಅವರಿಗೆ ಕೊಡುತ್ತೇನೆ. ಪಾಸ್‌ಬುಕ್ ನೋಡುವ ಹಾಗೆ ಪೆನ್ಸಿಲ್ ಹಿಡಿದು ನೋಡುತ್ತಾರೆ. ಒಂದು ಪದ್ಯದಲ್ಲಿ ಮಾತಾಡುವವನು ಅಂಗಿ ಬಿಚ್ಚಿ ಒಳಗೆ ಪೂಜೆಗೆ ಹೋಗಲು ಒಪ್ಪದೆ ಹೊರಗೇ ಸಿಗರೇಟು ಸೇದುತ್ತಾ ನಿಲ್ಲುತ್ತಾನೆ. ಅದರ ಮೇಲೆ ನಾನು ಬರೆದದ್ದನ್ನು ಓದಿ ಮಾಮ ಕೇಳಿದರು: "ಏನು ಮಾರಾಯ್ತಿ ಇದು? ಒಳಗೆ ಹೋಗುದಿಲ್ಲ ಅಂತಾದ್ರೆ ಅಷ್ಟು ದೂರ ಬಂದದ್ದು ಎಂತಕ್ಕೆ?" ಅಧ್ಯಾಯದ ಕೊನೆಯ ಐದು ಪುಟ ಈ ಪ್ರಶ್ನೆಗೆ ಉತ್ತರ. ಪ್ರಕಾಶಕರ ಇಬ್ಬರು ತಜ್ಞರಲ್ಲಿ ಒಬ್ಬರು ಆ ಐದು ಪುಟವನ್ನೇ ಎತ್ತಿ ಹೊಗಳಿದ್ದರು. ಮಾಮನಿಗೆ ಹೇಳಿದೆ. "ಹೌದಾ, ಚಾ ಮಾಡು" ಅಂದರು.

ಇನ್ನೊಂದು ಲಾಭ ಎಣಿಸಿರಲಿಲ್ಲ. ವಿಶ್ವವಿದ್ಯಾಲಯಗಳನ್ನು ನೋಡಿಕೊಳ್ಳುವ ಯುಜಿಸಿಯ 2018ರ ನಿಯಮದಲ್ಲಿ, ಬೇರೆಯವರ ಬರಹದ ಜೊತೆ ಹೋಲಿಕೆ ಶೇ. 10ರೊಳಗೆ ಇದ್ದರೆ ತಂಟೆಯಿಲ್ಲ. ನಕಲು ಹಿಡಿಯುವ ತಂತ್ರಾಂಶಕ್ಕೆ ಹಾಕಿದರೆ ನನ್ನ ಹಳೇ ಪ್ರಬಂಧಗಳು ಉದ್ಧರಣೆ ಕಳೆದರೂ ಎಂಟು, ಒಂಬತ್ತಕ್ಕೆ ಬಂದು ನಿಲ್ಲುತ್ತಿದ್ದವು. ಎಲ್ಲರೂ ಬಳಸುವ ಅದೇ ಪದಪುಂಜಗಳು ತಾನೇ! ಕನ್ನಡದಿಂದ ಬಂದ ಅಧ್ಯಾಯಗಳು ಎರಡು, ಮೂರು ದಾಟಲೇ ಇಲ್ಲ. ಲೈಬ್ರರಿಯವರು ಫೈಲ್ ಸರಿಯಾಗಿ ಅಪ್‌ಲೋಡ್ ಆಗಿಲ್ಲವೇನೋ ಅಂತ ಇನ್ನೊಮ್ಮೆ ಹಾಕಿ ನೋಡಿದರು.

ಪದ್ಯದ ಸಾಲು ಉದ್ಧರಿಸುವ ಅನುಮತಿಯ ವಿಷಯ. ನಮ್ಮ ಕಾಪಿರೈಟ್ ಕಾಯ್ದೆಯಲ್ಲಿ ಕವಿ ಸತ್ತ ಮೇಲೆ 60 ವರ್ಷ ಹಕ್ಕು ಇರುತ್ತದೆ. ಕೊಲಟ್ಕರ್ ತೀರಿಕೊಂಡದ್ದು 2004ರಲ್ಲಿ, ಲೆಕ್ಕ ಹಾಕಿಕೊಳ್ಳಿ. ವಿಮರ್ಶೆಗೆ ಬೇಕಾದಷ್ಟು ಸಾಲು ಉದ್ಧರಿಸಲು 52ನೇ ಸೆಕ್ಷನ್ ಬಿಡುತ್ತದೆ. ಆದರೆ ಹೊರದೇಶದ ಪ್ರಕಾಶಕರು ಹೆದರುತ್ತಾರೆ, ನಾಲ್ಕೈದು ಸಾಲು ದಾಟಿದರೆ ಕಾಗದ ತನ್ನಿ ಅನ್ನುತ್ತಾರೆ. ಒಂದು ಕಡೆಯಿಂದ ಉತ್ತರ ಬರಲು ಎಂಟು ತಿಂಗಳಾಯಿತು, ಕೇಳಿದ್ದು ಹದಿನೈದು ಸಾವಿರದ ಆಸುಪಾಸು. ಕೊಡಲಿಲ್ಲ. ಸಾಲುಗಳನ್ನು ತೆಗೆದು, ಪದ್ಯದಲ್ಲಿ ಏನಾಗುತ್ತದೆ ಎಂದು ನನ್ನ ಮಾತಿನಲ್ಲಿ ಹೇಳಿದೆ. ಕನ್ನಡದ ಕರಡಿನಲ್ಲಿ ಹೇಗೂ ಹಾಗೇ ಹೇಳಿದ್ದೆನಲ್ಲ, ಕಷ್ಟವಾಗಲಿಲ್ಲ.

ನಡುವೆ ಕೆಲವು ಆಟಗಳನ್ನೂ ಆಡಿದೆ. ಫೋನಿಗೆ ಕನ್ನಡದಲ್ಲಿ ಹೇಳಿ ಬರೆಸೋಣ ಅಂತ ಲೇಡೀಸ್ ಡಬ್ಬಿಯಲ್ಲಿ ಶುರು ಮಾಡಿದೆ. ನನ್ನ ಮಾತಿನ ನಡುವೆ ಮುಂದಿನ ಸ್ಟೇಷನ್ನಿನ ಹೆಸರು, ಪಕ್ಕದವರ ಬಟಾಟೆಯ ರೇಟು ಎಲ್ಲ ಬಂದು ಕೂತವು. ಕನ್ನಡ ಕರಡನ್ನು ಯಂತ್ರಕ್ಕೆ ಕೊಟ್ಟು ಇಂಗ್ಲಿಷ್ ಮಾಡಿಸಿಯೂ ನೋಡಿದೆ. ತಪ್ಪೇನಿಲ್ಲ, ನೀಟಾಗಿತ್ತು, ಯಾರು ಬೇಕಾದರೂ ಬರೆದಿರಬಹುದಾದ ಇಂಗ್ಲಿಷ್. ಅಳಿಸಿಹಾಕಿದೆ.

ವಿದ್ಯಾರ್ಥಿಗಳಿಗೂ ಒಂದು ಸೆಮಿಸ್ಟರ್ ಇದನ್ನೇ ಹೇಳಿದೆ. ಮನೆಯ ಭಾಷೆಯಲ್ಲಿ ಮೊದಲು ಬರೆಯಿರಿ, ಆಮೇಲೆ ಇಂಗ್ಲಿಷ್. ಮರಾಠಿ, ಗುಜರಾತಿ, ಭೋಜಪುರಿ, ತುಳು, ಎಲ್ಲ ಬಂತು. ಜೌನ್‌ಪುರದ ಕಡೆಯ ಒಬ್ಬ ಹುಡುಗ ಬರೆದದ್ದು ಎಲ್ಲಕ್ಕಿಂತ ಚೆನ್ನಾಗಿತ್ತು. ಬಾಂದ್ರಾದ ಇಬ್ಬರು ಹುಡುಗಿಯರು ಮುಖ ಸಪ್ಪೆ ಮಾಡಿಕೊಂಡು ಬಂದರು: "ಮೇಡಂ, ನಮ್ಮ ಮನೆಯ ಭಾಷೆ ಇಂಗ್ಲಿಷೇ." ಸರಿಯೇ ಅಲ್ವಾ? ಕವಿ ನಿಸ್ಸಿಮ್ ಎಜೆಕಿಯಲ್ ಬರೆದದ್ದು ಇಂಗ್ಲಿಷಿನಲ್ಲೇ, ಕವಯಿತ್ರಿ ಯೂನಿಸ್ ಡಿ ಸೋಜಾ ಬರೆದದ್ದೂ ಇಂಗ್ಲಿಷಿನಲ್ಲೇ. ಇಬ್ಬರೂ ಈ ಊರಿನಲ್ಲೇ ಇಂಗ್ಲಿಷ್ ಪಾಠ ಮಾಡಿದವರು. ಆ ಹುಡುಗಿಯರನ್ನು ಬಿಟ್ಟುಬಿಟ್ಟೆ. ಈ ದಾರಿ ಮನೆಯಲ್ಲೊಂದು, ಇಲಾಖೆಯಲ್ಲೊಂದು ಭಾಷೆ ಇರುವವರಿಗೆ.

ಪುಸ್ತಕಕ್ಕೆ ಬಾರದೆ ಉಳಿದ ಕನ್ನಡ ಪುಟಗಳು ರಾಶಿ ಇದ್ದವು. ತಿದ್ದಿ ತೀಡಿ ಹದಿನಾಲ್ಕೋ ಹದಿನೈದೋ ಪ್ರಬಂಧ ಮಾಡಿದೆ. ಕೆಲವನ್ನು ಮಾಟುಂಗಾದ ಮೈಸೂರು ಅಸೋಸಿಯೇಷನ್‌ನಲ್ಲಿ ಓದಿದೆ. ಜನ ನಗಬೇಕಾದಲ್ಲಿ ನಕ್ಕರು, ಅಷ್ಟು ಸಾಕಾಗಿತ್ತು. ಅಚ್ಚಿಗೆ ಕೊಟ್ಟಾಗ ಗೋಳು ಶುರುವಾಯಿತು. ನಾನು ಯೂನಿಕೋಡಿನಲ್ಲಿ ಬರೆದದ್ದು, ಅವರಿಗೆ ನುಡಿ ತಂತ್ರಾಂಶದ ಹಳೇ ಅಕ್ಷರದಲ್ಲಿ ಬೇಕು. ಪರಿವರ್ತನೆ ಮಾಡಿದಾಗ ಅರ್ಕಾವೊತ್ತುಗಳೆಲ್ಲ ದಿಕ್ಕಾಪಾಲು. 'ಮುಂಬೈ' ಅನ್ನುವುದೇ ಮೂರು ರೂಪದಲ್ಲಿ ಬಂತು. ಪ್ರೂಫಿನಲ್ಲಿ ಎರಡು ತಿಂಗಳು ಹೋಯಿತು. ಮುನ್ನೂರು ಪ್ರತಿಗೆ ನಲವತ್ತೈದು ಸಾವಿರ ನಾನೇ ಹಾಕಿದೆ. ಬಿಡುಗಡೆಯ ದಿನ ಎಂಬತ್ತರಷ್ಟು ಹೋದವು, ಅದರಲ್ಲಿ ಅರ್ಧ 'ಗೌರವ ಪ್ರತಿ'. ಉಳಿದವು ಮಂಚದ ಕೆಳಗೆ.

ಬಡ್ತಿಯ ಲೆಕ್ಕ ಬೇರೆ. ಯುಜಿಸಿಯ 2018ರ ಪಟ್ಟಿಯಲ್ಲಿ ಹೊರದೇಶದ ಪ್ರಕಾಶಕರ ಪುಸ್ತಕಕ್ಕೆ 12 ಅಂಕ, ಇಲ್ಲಿಯವರದ್ದಕ್ಕೆ 10, ಅನುವಾದ ಪುಸ್ತಕಕ್ಕೆ 8. ನನ್ನ ಕನ್ನಡ ಪ್ರಬಂಧಗಳನ್ನು ಸಮಿತಿಯವರು ಸಂಶೋಧನೆ ಅಲ್ಲ ಅಂತ ಪಕ್ಕಕ್ಕಿಟ್ಟರು. ಅದೇ ರಾಶಿಯ ಬೇರೆ ಪುಟಗಳು ಇಂಗ್ಲಿಷಿನಲ್ಲಿ 12 ಅಂಕ ತಂದವು ಅಂತ ಅವರಿಗೆ ಹೇಳಬೇಕಿತ್ತು, ಸುಮ್ಮನಾದೆ. ವಾರಕ್ಕೆ 14 ಗಂಟೆ ಪಾಠ, ಪಿಎಚ್.ಡಿ. ಮಕ್ಕಳು, ಕಾಲೇಜುಗಳಿಗೆ ಮಾನ್ಯತೆ ಕೊಡುವ ನ್ಯಾಕ್‌ನ ಫೈಲುಗಳು, ಇದರ ನಡುವೆ ಜಗಳಕ್ಕೂ ಸಮಯ ಬೇಕು.

ನನ್ನ ಇಂಗ್ಲಿಷ್ ಪುಸ್ತಕದ ಹಾರ್ಡ್‌ಬ್ಯಾಕ್ ಎಂಟೊಂಬತ್ತು ಸಾವಿರ ಇದೆ, ದಯವಿಟ್ಟು ಕೊಳ್ಳಬೇಡಿ, ಲೈಬ್ರರಿಗೆ ಹೇಳಿ ತರಿಸಿ. ಪೇಪರ್‌ಬ್ಯಾಕ್ ಬಂದರೆ ನೋಡೋಣ. ಕನ್ನಡ ಕರಡು ಹೇಗಿರುತ್ತದೆ ಅಂತ ನೋಡಬೇಕೆನ್ನುವವರಿಗೆ ಎರಡನೇ ಅಧ್ಯಾಯದ್ದು ಕೊಡುತ್ತೇನೆ, ಜೆಜುರಿಯದ್ದು ಕೊಡುವುದಿಲ್ಲ. ಮೊದಲು ನಕ್ಕಿದ್ದ ಸಹೋದ್ಯೋಗಿ ಈಗ ಕೊಲಟ್ಕರ್ ಹಾಗೆ ಎರಡೂ ಭಾಷೆಯಲ್ಲಿ ಬರೆದ ಕವಿ ದಿಲೀಪ್ ಚಿತ್ರೆಯವರ ಮೇಲೆ ಮರಾಠಿಯಲ್ಲಿ ಕರಡು ಶುರು ಮಾಡಿದ್ದಾರೆ. ಕಾರ್ಡಿನ ಅಂಗಡಿ ತೋರಿಸಿ ಬಂದೆ. ಪುಟಗಳನ್ನು ಜೋಡಿಸುವ ಲೆಕ್ಕವನ್ನೂ ಕೇಳಿದರು. ಮೊದಲು ನಲವತ್ತು ಪುಟ ಬರೆಯಿರಿ ಅಂದಿದ್ದೇನೆ.