ಬುಲೆಟ್ಟಿನ ಎಣ್ಣೆ ಓಟ: ಪಂಪ್ ಬದಲಿಸುವ ಮೊದಲು ಸಂಪ್ ಅಳೆಯಿರಿ

ಎಪ್ಪತ್ತರ ದಶಕದ 350 ಬುಲೆಟ್, ಕಬ್ಬಿಣದ ಬ್ಯಾರಲ್. ಬೋರ್, ಪಿಸ್ಟನ್, ಮೇನ್ ಬೇರಿಂಗ್, ಬಿಗ್ ಎಂಡ್ (ಕನೆಕ್ಟಿಂಗ್ ರಾಡ್ ಕ್ರ್ಯಾಂಕಿಗೆ ಕೂಡುವ ಜಾಗ), ಅದರ ಫ್ಲೋಟಿಂಗ್ ಬುಷ್ ಎಲ್ಲಾ ಹೊಸತು. ಸ್ಟಾರ್ಟ್ ಮಾಡಿ ಹೆಡ್ಡಿಗೆ ಎಣ್ಣೆ ಒಯ್ಯುವ ರಾಕರ್ ಪೈಪಿನ ಬ್ಯಾಂಜೊ (ಪೈಪಿನ ತುದಿಯ ಬೋಲ್ಟು) ಸಡಿಲಿಸಿದರೆ ಎಣ್ಣೆ ಚೆನ್ನಾಗಿಯೇ ಬರುತ್ತಿತ್ತು. ಆದರೂ ಬೆಳಿಗ್ಗೆ ಕಿಕ್ ಹೊಡೆದಾಗ ನೀಲಿ ಹೊಗೆ, ಎಂಜಿನ್ ಗಾಳಿ ಬಿಡುವ ಬ್ರೀದರ್ ಬಾಯಿಂದ ಎಣ್ಣೆ. ತೀರ್ಥಹಳ್ಳಿ ರಸ್ತೆಯಲ್ಲಿ ಮಂಡಗದ್ದೆ ಮುಟ್ಟುವಷ್ಟರಲ್ಲಿ ಬಿಗ್ ಎಂಡ್ ಕಟಕಟ. ಶಿವಮೊಗ್ಗದಲ್ಲಿ ಯಾರನ್ನು ಕೇಳಿದರೂ ಒಂದೇ ಉತ್ತರ: ಪಂಪ್ ಹೋಗಿದೆ, ಹೊಸ ಸೆಟ್ ಹಾಕಿ. ಹಾಕಿದೆ. ಒಂದಲ್ಲ, ಎರಡು ಸೆಟ್. ಪಂಪಿನದು ಏನೂ ತಪ್ಪಿರಲಿಲ್ಲ.

ಎಡವಿದ್ದು ಎಲ್ಲಿ ಅಂದರೆ, ಹೊಗೆ ಮತ್ತು ಕಟಕಟ ಎರಡೂ ಒಂದೇ ಕಾಯಿಲೆ ಅಂದುಕೊಂಡದ್ದು. ಅವು ಬೇರೆ ಬೇರೆ. ಒಂದಕ್ಕೆ ಮಾಡಿದ ಮದ್ದು ಇನ್ನೊಂದಕ್ಕೆ ತಾಗದೆ ಎಲ್ಲವೂ ದಂಡವಾದಂತೆ ಕಾಣುತ್ತಿತ್ತು.

ಎರಡನ್ನೂ ಬೇರ್ಪಡಿಸಿ ತೋರಿಸಿದ್ದು ಕ್ವಾರ್ಟರ್ ಬಾಟಲಿ. 180 ಎಂಎಲ್ ಅಳತೆಗೆ ಅದಕ್ಕಿಂತ ಸುಲಭದ್ದು ನಮ್ಮ ಕಡೆ ಸಿಗುವುದಿಲ್ಲ. ಕಾಲು ಗಂಟೆ ಓಡಿಸಿ, ಎಂಜಿನ್ ಆಫ್ ಮಾಡಿ, ಅರ್ಧ ನಿಮಿಷದೊಳಗೆ ಕೆಳಗಿನ ಸಂಪ್ (ಕ್ರ್ಯಾಂಕಿನಡಿ ಎಣ್ಣೆ ಇಳಿದು ನಿಲ್ಲುವ ಗುಂಡಿ) ಪ್ಲಗ್ ಬಿಚ್ಚಬೇಕು. ಎರಡು ಪ್ಲಗ್ ಇವೆ, ಅವಸರದಲ್ಲಿ ಎಂಜಿನ್ ಕೇಸಿನೊಳಗೇ ಇರುವ ಎಣ್ಣೆ ಟ್ಯಾಂಕಿನದು ಬಿಚ್ಚಿದರೆ ಎರಡು ಲೀಟರ್ ಚಿಲ್ಲರೆ ಎಣ್ಣೆ ನೆಲಕ್ಕೆ. ನನಗೆ ಸಿಕ್ಕಿದ್ದು ಅರ್ಧ ಬಾಟಲಿಗೂ ಕಡಿಮೆ, ಎಂಬತ್ತೋ ತೊಂಬತ್ತೋ ಎಂಎಲ್. ಅಂದರೆ ಓಡುವಾಗ ಎಣ್ಣೆಯನ್ನು ವಾಪಸ್ ಎಳೆಯುವ ರಿಟರ್ನ್ ಪಂಪ್ ಸಂಪನ್ನು ಸರಿಯಾಗಿಯೇ ಖಾಲಿ ಮಾಡುತ್ತಿದೆ. ಪ್ಲಗ್ ಹಾಕಿ ರಾತ್ರಿಯಿಡೀ ಬಿಟ್ಟು ಬೆಳಿಗ್ಗೆ ಬಿಚ್ಚಿದರೆ ಎರಡು ಬಾಟಲಿ ತುಂಬಿ ಮೇಲೆ ಸ್ವಲ್ಪ, ಹತ್ತಿರ ಹತ್ತಿರ 400. ನಿಂತಾಗ ಟ್ಯಾಂಕಿನ ಎಣ್ಣೆ ಸಂಪಿಗೆ ಇಳಿಯುತ್ತಿದೆ, ಬೆಳಗಿನ ಹೊಗೆ ಅದರದ್ದೇ. ಬಿಸಿಯಲ್ಲೇ 300–400 ಬಂದಿದ್ದರೆ ರಿಟರ್ನ್ ಕಡೆ ನೋಡಬೇಕಿತ್ತು, ನನ್ನದು ಆ ಜಾತಿಯಲ್ಲ.

ನಿಂತಾಗ ಇಳಿಯುವುದಕ್ಕೆ ಎಲ್ಲರೂ ಪಂಪ್ ಡಿಸ್ಕನ್ನೇ (ಎಣ್ಣೆಯ ರಂಧ್ರ ಮುಚ್ಚಿ ತೆರೆಯುವ ಬಿಲ್ಲೆ) ಬೈಯುತ್ತಾರೆ. ಡಿಸ್ಕನ್ನು ಟೈಮಿಂಗ್ ಕವರಿನ ಸೀಟಿನ ಮೇಲೆ ಉಜ್ಜಿ ಕೂರಿಸಿದೆ. ಉಜ್ಜುವ ಪೇಸ್ಟಿಗೆ ಏನು ಬೆರೆಸುತ್ತೇನೆ ಅನ್ನುವುದು ಇಲ್ಲಿ ಬೇಡ; ಡಿಸ್ಕ್ ಮುಖ ಪೂರ್ತಿ ಒಂದೇ ಬೂದು ಬಣ್ಣಕ್ಕೆ ಬರಬೇಕು, ಎಲ್ಲೂ ಹೊಳೆಯುವ ಚುಕ್ಕೆ ಉಳಿಯಬಾರದು, ಅಷ್ಟು ಸಾಕು. ಉಜ್ಜಿದ ಮೇಲೆ 400 ಇದ್ದದ್ದು 330ಕ್ಕೆ ಬಂತು. ಅಷ್ಟೇ. ಉಳಿದದ್ದು ಬೇರೆ ಎಲ್ಲಿಂದಲೋ ಬರುತ್ತಿದೆ.

ಆಮೇಲೆ ಮಾಡಿದ ಪರೀಕ್ಷೆಗೆ ಸುತ್ತ ನಿಂತವರು ನಕ್ಕರು. ಪಂಪ್ ಕೂತಿರುವ ಟೈಮಿಂಗ್ ಕವರನ್ನೇ ತೆಗೆದು, ಕ್ರ್ಯಾಂಕ್‌ಕೇಸಿನಿಂದ ಪಂಪಿಗೆ ಹೋಗುವ ರಂಧ್ರಗಳಿಗೆ ಸೈಕಲ್ ವಾಲ್ವ್ ಟ್ಯೂಬಿನ ತುಂಡು ತುರುಕಿ ಬಿಗಿಯಾಗಿ ಮುಚ್ಚಿದೆ. ಟ್ಯಾಂಕಿಗೆ ಒಂದು ಲೀಟರ್ ಡೀಸೆಲ್. ಪಂಪೇ ಇಲ್ಲದ ಎಂಜಿನ್, ಮರುದಿನ ಬೆಳಿಗ್ಗೆ ಸಂಪಿನಲ್ಲಿ ಡೀಸೆಲ್! ಟ್ಯಾಂಕಿಗೂ ಕ್ರ್ಯಾಂಕಿಗೂ ನಡುವಿನ ಗೋಡೆ ಎರಡು ಕೇಸ್ ಸೇರುವಲ್ಲೇ ಕೂಡುತ್ತದೆ. ಹಿಂದೆ ಯಾರೋ ಸ್ಕ್ರೂಡ್ರೈವರ್ ಮೀಟಿ ಕೇಸ್ ಬಿಡಿಸಿದ ಗಾಯ ಸರಿಯಾಗಿ ಆ ಗೋಡೆಯ ಅಂಚಿನಲ್ಲಿತ್ತು. ಉಗುರಿಗೆ ಸಿಗುವ ಗುಳಿ, ಅದರ ಪಕ್ಕ ಎದ್ದ ಬರ್, ಅಂದರೆ ಲೋಹದ ಚೂಪು. ಎದ್ದದ್ದನ್ನು ನುಣುಪು ಕಲ್ಲಿನಿಂದ ಇಳಿಸಿ, ಗೋಡೆಯ ಅಂಚಿಗೆ ಮಾತ್ರ ಸೀಲೆಂಟನ್ನು ಬೆರಳಲ್ಲಿ ತೆಳ್ಳಗೆ ಎಳೆದೆ. ದಪ್ಪ ಹಚ್ಚಿದರೆ ಹೊರಗೆ ಹುಳದ ಹಾಗೆ ಇಣುಕುತ್ತದೆ, ಒಳಗೂ ಅಷ್ಟೇ ಇಣುಕಿರುತ್ತದೆ. ಆ ಹುಳ ಕಿತ್ತು ಹೋಗಿ ಎಣ್ಣೆ ದಾರಿಗೆ ಅಡ್ಡ ಬಿದ್ದರೆ ಮುಗಿಯಿತು.

ಕಟಕಟದ ಕಥೆ ಬೇರೆ. ಟೈಮಿಂಗ್ ಕವರಿನಿಂದ ಕ್ರ್ಯಾಂಕಿನ ತುದಿಗೆ ಎಣ್ಣೆ ದಾಟುವಲ್ಲಿ ಒಂದು ಕಾರ್ಕ್ ವಾಷರ್ ಇದೆಯಲ್ಲ, ಅದು ಕ್ರ್ಯಾಂಕಿನ ತುದಿಯಲ್ಲಿದ್ದು ಪಂಪನ್ನು ತಿರುಗಿಸುವ ವರ್ಮ್ ನಟ್ಟಿನ ಮುಖಕ್ಕೆ ಒತ್ತಿ ಕೂರಬೇಕು. ಒತ್ತದಿದ್ದರೆ ಎಣ್ಣೆ ಬಿಗ್ ಎಂಡಿಗೆ ಹೋಗದೆ ಟೈಮಿಂಗ್ ಚೆಸ್ಟಿಗೆ (ಆ ಕವರಿನ ಒಳಗಿನ ಗೂಡಿಗೆ) ಸುರಿಯುತ್ತದೆ, ಅಲ್ಲಿಂದ ಬಳಸಿಕೊಂಡು ಟ್ಯಾಂಕಿಗೇ ವಾಪಸ್. ಹೆಡ್ಡಿಗೆ ಎಣ್ಣೆ, ಟ್ಯಾಂಕ್ ಲೆವೆಲ್ ಸರಿ, ಬುಷ್ ಮಾತ್ರ ಉಪವಾಸ. ಬ್ಯಾಂಜೊ ಸಡಿಲಿಸಿ ಎಣ್ಣೆ ನೋಡಿ ಸಮಾಧಾನಪಡುವವರು ಇಲ್ಲಿಯೇ ಬೀಳುವುದು.

ಕಾರ್ಕ್ ಹೊಸದೇ ಇತ್ತು. ಒತ್ತುತ್ತಿದೆಯೋ ಇಲ್ಲವೋ ನೋಡಲು ಜೇನುಮೇಣ ಬಳಸಿದೆ. ಕಾರ್ಕಿನ ಜಾಗದಲ್ಲಿ ಮೆತ್ತಗೆ ಮಾಡಿದ ಮೇಣದ ಉಂಡೆ ಇಟ್ಟು, ಗ್ಯಾಸ್ಕೆಟ್ ಸಮೇತ ಕವರ್ ಬಿಗಿದು, ಬಿಚ್ಚಿ, ಚಪ್ಪಟೆಯಾದ ಮೇಣವನ್ನು ವರ್ನಿಯರಿನಲ್ಲಿ ಅಳೆದೆ. ಮೇಣ ಸುಮಾರು ನಾಲ್ಕೂವರೆ ಮಿಲಿಮೀಟರ್ ಇತ್ತು, ಕಾರ್ಕ್ ನಾಲ್ಕೇ. ಮುಟ್ಟುತ್ತಲೇ ಇರಲಿಲ್ಲ! ಕಿಟ್ಟಿನಲ್ಲಿ ಬಂದ ಹೊಸ ವರ್ಮ್ ನಟ್ ಹಳೆಯದಕ್ಕಿಂತ ಒಂದೂವರೆ ಮಿಲಿಮೀಟರ್ ಗಿಡ್ಡ. ಎರಡು ಕಾರ್ಕ್ ಪೇರಿಸಿ ನೋಡಿದೆ, ಒಂದು ಜಾರಿ ಅರ್ಧ ರಂಧ್ರ ಮುಚ್ಚಿತು. ಕೊನೆಗೆ ಹಳೆಯ ನಟ್ಟನ್ನೇ ವಾಪಸ್ ಹಾಕಿದೆ. ಅದರದ್ದು ಎಡಮರೆ, ಅಂದರೆ ಮಾಮೂಲಿ ನಟ್ಟಿಗೆ ಉಲ್ಟಾ ತಿರುಗಿಸಬೇಕು, ಮರೆಯಬೇಡಿ. ಅದರ ಹಲ್ಲಿಗೆ ಒಗ್ಗಿದ ಹಳೆಯ ಪಂಪ್ ಸ್ಪಿಂಡಲ್ಲನ್ನೂ ಜೊತೆಗೇ ಹಾಕಬೇಕು, ಹೊಸ ವರ್ಮಿಗೆ ಹಳೆಯ ಸ್ಪಿಂಡಲ್ ಕೂಡಿಸಿದರೆ ಹಲ್ಲು ಬೇಗ ಸವೆಯುತ್ತದೆ. ಕಾರ್ಕನ್ನು ರಾತ್ರಿಯಿಡೀ ಎಣ್ಣೆಯಲ್ಲಿ ನೆನೆಸಿ ಕೂರಿಸಿದೆ. ಈಗ ಒಂದು ಮಿಲಿಮೀಟರಿನಷ್ಟು ಒತ್ತು ಸಿಗುತ್ತದೆ.

ಬ್ಯಾರಲ್ ಕೂರಿಸುವ ಮೊದಲೇ ಇದನ್ನು ಕಣ್ಣಾರೆ ನೋಡಬಹುದಿತ್ತು. ಫಿಲ್ಟರ್ ಚೇಂಬರಿಗೆ ಎಣ್ಣೆ ತುಂಬಿ, ಟಾಪ್ ಗೇರಿಗೆ ಹಾಕಿ, ಹಿಂದಿನ ಚಕ್ರವನ್ನು ಮುಂದಕ್ಕೆ ತಿರುಗಿಸುತ್ತಾ ಹೋಗಬೇಕು. ರಾಡ್ ಕೇಸಿಗೆ ಬಡಿಯದಂತೆ ಇನ್ನೊಬ್ಬರು ಹಿಡಿದಿರಲಿ. ಚಕ್ರ ಒಂದು ಸುತ್ತಿಗೆ ಕ್ರ್ಯಾಂಕ್ ಐದು ಚಿಲ್ಲರೆ ಸುತ್ತು, ಆದರೆ ಪಂಪಿನ ಗತಿ ಅದಕ್ಕಿಂತ ಎಷ್ಟೋ ನಿಧಾನ, ಹಾಗಾಗಿ ಹತ್ತಿಪ್ಪತ್ತು ಕಿಕ್ಕಿನಿಂದ ಏನೂ ಗೊತ್ತಾಗುವುದಿಲ್ಲ. ಮತ್ತೆ ಜೋಡಿಸುವಾಗ ನನಗೆ ಎಪ್ಪತ್ತು ಎಂಬತ್ತು ಸುತ್ತಿನ ಮೇಲೆ ಬುಷ್ಷಿನ ಎರಡೂ ಬದಿಯಿಂದ ಎಣ್ಣೆ ಜಿನುಗಿತು. ಚಕ್ರವನ್ನು ಉಲ್ಟಾ ತಿರುಗಿಸಿದರೆ ಈ ಪಂಪ್ ಉಲ್ಟಾ ಎಳೆಯುತ್ತದೆ. ಒಬ್ಬರು ಅರ್ಧ ಗಂಟೆ ಹಿಂದಕ್ಕೆ ತಿರುಗಿಸಿ ಕೈ ನೋಯಿಸಿಕೊಂಡರು.

ನಡುವೆ ಒಂದು ಪ್ರಯೋಗ: 20ಡಬ್ಲ್ಯು50 ಬಿಟ್ಟು ದಪ್ಪ ಎಣ್ಣೆ. ಡಿಸ್ಕ್ ಉಜ್ಜುವ ಮೊದಲಿನ ಆ 400, 250ಕ್ಕೆ ಇಳಿಯಿತು. ಆದರೆ ಜುಲೈ ಮಳೆಯ ಬೆಳಿಗ್ಗೆ ಕಿಕ್ಕರಿನ ಮೇಲೆ ನಿಂತರೂ ಎಂಜಿನ್ ಅಲುಗಲಿಲ್ಲ. ಸೋರಿಕೆ ಮುಚ್ಚಿಡುವ ಉಪಾಯ ಅದು, ರಿಪೇರಿ ಅಲ್ಲ. ಮತ್ತೆ, ಮಳೆಗಾಲದಲ್ಲಿ ಫಿಲ್ಲರ್ ಕ್ಯಾಪಿನಡಿ ಹಾಲು ಕಾಫಿ ಬಣ್ಣದ ಲೋಳೆ ಕಂಡರೆ ಗ್ಯಾಸ್ಕೆಟ್ ಹೋಯಿತು ಅಂತ ಹೆಡ್ ಬಿಚ್ಚಬೇಡಿ. ರೇಡಿಯೇಟರೇ ಇಲ್ಲದ ಎಂಜಿನಿಗೆ ಅಲ್ಲಿಂದ ನೀರು ಹೇಗೆ ಬರಬೇಕು ಮಾರಾಯ್ರೆ? ಮೂರು ಕಿಲೋಮೀಟರ್ ತೋಟಕ್ಕೆ ಹೋಗಿ ಬಂದರೆ ಎಂಜಿನ್ ಪೂರ್ತಿ ಬಿಸಿಯಾಗದೆ ಒಳಗೆ ತೇವ ಉಳಿಯುತ್ತದೆ. ಫೆಲ್ಟ್ ಫಿಲ್ಟರ್ ಆ ಲೋಳೆ ಹೀರಿ ಕಟ್ಟಿಕೊಳ್ಳುತ್ತದೆ, ಮಳೆಗಾಲದಲ್ಲಿ ಎರಡು ಸಲವಾದರೂ ತೆಗೆದು ನೋಡಿ. ಬ್ರೀದರಿನ ತುದಿಯ ಬಾತುಕೊಕ್ಕಿನಂಥ ರಬ್ಬರ್ ವಾಲ್ವ್, ಡಕ್‌ಬಿಲ್, ಗಟ್ಟಿಯಾಗಿದ್ದರೆ ಅದನ್ನೂ ಎಸೆಯಿರಿ.

ಖರ್ಚು: ಎರಡು ಪಂಪ್ ಸೆಟ್ ಸೇರಿ ಎರಡು ಸಾವಿರದ ಮೇಲೆ, ಉಪವಾಸದಲ್ಲಿ ಸತ್ತ ಬುಷ್ಷಿಗೆ ಕ್ರ್ಯಾಂಕ್ ಮತ್ತೆ ಒತ್ತಿಸಿದ್ದು ಆರು ಸಾವಿರ ಚಿಲ್ಲರೆ, ಸುರಿದ ಎಣ್ಣೆ ಲೆಕ್ಕಕ್ಕಿಲ್ಲ. ಕಾಯಿಲೆ ವಾಸಿ ಮಾಡಿದ ಕಾರ್ಕ್, ಸೀಲೆಂಟ್, ಡೀಸೆಲ್, ಮೇಣ ಎಲ್ಲ ಸೇರಿ ಇನ್ನೂರು ರೂಪಾಯಿ ದಾಟಲಿಲ್ಲ.

ಈಗ ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗಿ, ಘಾಟಿ ಇಳಿದು ಹತ್ತಿ ಬಂದ ಮೇಲೆ ಬಿಸಿಯಲ್ಲಿ ಅಳೆದರೆ ಅದೇ ಎಂಬತ್ತು. ಮೂರು ದಿನ ನಿಲ್ಲಿಸಿ ಅಳೆದರೂ ಕ್ವಾರ್ಟರ್ ಬಾಟಲಿ ತುಂಬುವುದಿಲ್ಲ. ಟ್ಯಾಪೆಟ್ ಬಾಗಿಲಿನ ಹತ್ತಿರ ಒಂದು ಹನಿ ಇನ್ನೂ ಬೀಳುತ್ತದೆ, ಅದನ್ನು ಮಳೆ ನಿಂತ ಮೇಲೆ ನೋಡಬೇಕು.